ಡಾ. ಕೋದೈ, ಮಾಂಬಲಂ

ಮಾಂಬಲಂ, ಮದ್ರಾಸು
8 ಜೂನ್ 1994

ಅರುಳಕ್ಕಾ, ಒಪ್ಪಿಬಿಟ್ಟರು, ನಾನು ಪಿಎಚ್.ಡಿ. ಮುಗಿಸಬಹುದಂತೆ!

ಎಲ್ಲಕ್ಕಿಂತ ಮೊದಲು ಇದನ್ನೇ ಬರೆದೆ. ಯಾಕೆಂದರೆ ನನ್ನ ಮದುವೆಯ ಊಟಕ್ಕೆ ಕೂತಾಗ ನೀವು ನನ್ನನ್ನು ನೋಡಿದ ನೋಟ ಮರೆತಿಲ್ಲ. ಲ್ಯಾಬಿನಿಂದ ಇನ್ನೊಬ್ಬಳು ಹೋದಳು ಎಂದು ಎಲೆಯ ಮೇಲಿನ ಪಾಯಸಕ್ಕೆ ಹೇಳುತ್ತಿರುವ ಹಾಗಿತ್ತು ನಿಮ್ಮ ಮುಖ. ನಾನು ಹೋಗಿಲ್ಲ ಅಕ್ಕಾ!

ನಿನ್ನೆ ಸಂಜೆ ಮಾವ ಪೇಪರು ಮಡಚಿಟ್ಟು ತಾವಾಗಿಯೇ ಕೇಳಿದರು. "ಏನಮ್ಮಾ, ಆ ನಿನ್ನ ಥೀಸಿಸ್ಸು ಇನ್ನೆಷ್ಟು ಬಾಕಿ?"

"ಇನ್ನೊಂದು ತಲೆಮಾರು ಹುಳು, ಒಂದು ಸೆಮಿನಾರು. ಆಮೇಲೆ ಬರೆಯೋದಷ್ಟೇ ಮಾವ."

"ಹುಳುವಿನ ತಲೆಮಾರು ಅಂದ್ರೆ ಎಷ್ಟು ಕಾಲ?"

"ಒಂದು ತಿಂಗಳು."

"ಅಷ್ಟೇನಾ! ಮನುಷ್ಯರದ್ದಾಗಿದ್ರೆ ನಾನು ನೋಡೋಕೆ ಇರ್ತಿರಲಿಲ್ಲ" ಎಂದು ನಕ್ಕರು. ಅತ್ತೆ ಅಡುಗೆಮನೆಯಿಂದಲೇ "ಮುಗಿಸಲಿ ಬಿಡಿ, ನಮ್ಮ ಕಡೆ ಯಾರ ಸೊಸೆ ಡಾಕ್ಟರೇಟು?" ಎಂದರು. ನಾನು ಇವರ ಮುಖ ನೋಡಿದೆ, ಇವರು ಕಣ್ಣಲ್ಲೇ ನಕ್ಕರು. ಅಕ್ಕಾ, ಗಂಡನ ಹೆಸರು ಬಾಯಲ್ಲಿ ಹೇಳಬಾರದಂತೆ. ಬರೆಯಬಹುದಲ್ಲ? ನೀಲಮೇಘಂ, ನೀಲಮೇಘಂ, ನೀಲಮೇಘಂ! ಬಂದರಿನ ಕಚೇರಿಯಿಂದ ದಿನಾ ಸಂಜೆ ಒಂದು ಮೊಳ ಮಲ್ಲಿಗೆ ತರುತ್ತಾರೆ. ನಮ್ಮ ಮಧುರೈ ಮಲ್ಲಿಗೆಯ ವಾಸನೆ ಇದಕ್ಕಿಲ್ಲ. ಆದರೂ ನಾನು ಹೇಳಿಲ್ಲ.

ಯೋಜನೆ ಕೇಳಿ. ಜುಲೈ ಮಧ್ಯಕ್ಕೆ ಆಡಿ ತಿಂಗಳು ಬರುತ್ತದಲ್ಲ, ಹೊಸ ಸೊಸೆಯನ್ನು ತವರಿಗೆ ಕಳಿಸಲೇಬೇಕು. ಇಡೀ ತಿಂಗಳು ನಾನು ಮಧುರೈನಲ್ಲಿ! ಮೂರನೇ ತಲೆಮಾರಿನ ಹುಳು ಕಾಳು ಕೊರೆದು ಹೊರಬರುವುದು ಸರಿಯಾಗಿ ಆಗಲೇ. ಲಕ್ಕಿ ಸೊಪ್ಪಿನ ಎಣ್ಣೆ ಸವರಿದ ಹೆಸರುಕಾಳಿನಲ್ಲಿ ಎಷ್ಟು ಉಳಿದವು, ಎಷ್ಟು ಸತ್ತವು ಎಂದು ಎಣಿಸಿಬಿಟ್ಟರೆ ನನ್ನ ಕೆಲಸ ಮುಗಿಯಿತು. ಅಲ್ಲಿಯವರೆಗೆ ನನ್ನ ಜಾಡಿಗಳನ್ನು ನೀವೇ ನೋಡಿಕೊಳ್ಳಬೇಕು. ಬಟ್ಟೆಯ ಮುಚ್ಚಳ ಬಿಗಿಯಾಗಿರಲಿ, ಇರುವೆ ಹತ್ತದಂತೆ ತಟ್ಟೆಯಲ್ಲಿ ನೀರಿರಲಿ.

ಇನ್ನೊಂದು ಖುಷಿ. ಇಲ್ಲಿನ ರಿಸೆಪ್ಷನ್ನಿಗೆ ಮಾವ ಬೇರೆಯದೇ ಆಮಂತ್ರಣ ಅಚ್ಚು ಹಾಕಿಸಿದ್ದರು. ಅದರಲ್ಲಿ ನನ್ನ ಹೆಸರಿನ ಹಿಂದೆ ಬಂಗಾರದ ಅಕ್ಷರದಲ್ಲಿ ‘ಡಾ.’ ಎಂದಿದೆ! "ಇನ್ನೂ ಆಗಿಲ್ಲ ಮಾವ" ಎಂದೆ. "ಹೆಚ್ಚೂ ಕಡಿಮೆ ಆದ ಹಾಗೇ ಅಲ್ವೇನಮ್ಮಾ, ಮೂರು ತಿಂಗಳಿಗೋಸ್ಕರ ಎರಡನೇ ಸಲ ಯಾರು ಮದುವೆ ಮಾಡ್ತಾರೆ?" ಎಂದರು. ನಿಜ ಹೇಳಲೇ? ಆ ಒಂದಕ್ಷರ ನೋಡಿ ಮೈ ಜುಮ್ಮೆಂದಿತು. ನಮ್ಮ ಗೈಡ್ ಜಂಬುಲಿಂಗಂ ಸಾರ್ ಮದುವೆಗೆ ಬರಲಿಲ್ಲವಲ್ಲ, ಅವರಿಗೆ ಬೇಸರವಾಗಬಾರದೆಂದು ಆ ಆಮಂತ್ರಣದ ಒಂದು ಪ್ರತಿಯನ್ನು ನಾನೇ ಅಂಚೆಗೆ ಹಾಕಿದ್ದೇನೆ.

ಸಂತೋಷದಲ್ಲಿ ನೆಲ ಕಾಲಿಗೆ ಸಿಗದ
ನಿಮ್ಮ ಕೋದೈ


ಮಧುರೈ
18 ಜೂನ್ 1994

ಕೋದೈ,

ನಿನ್ನ ಜಾಡಿಗಳು ಚೆನ್ನಾಗಿವೆ. ತಟ್ಟೆಗೆ ನೀರು ದಿನಾ ಹಾಕುತ್ತಿದ್ದೇನೆ.

ಆಮಂತ್ರಣ ಬಂತು. ಸಾರ್ ಅದನ್ನು ಚಹಾದ ಹೊತ್ತಿನಲ್ಲಿ ಎಲ್ಲರ ಮುಂದೆ ಓದಿದರು. ನಿಧಾನವಾಗಿ, ವರನ ಅಜ್ಜನ ಹೆಸರಿನಿಂದ ಹಿಡಿದು. ನಿನ್ನ ಹೆಸರು ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಾವು ಇಲ್ಲಿ ಐದು ವರ್ಷ, ಆರು ವರ್ಷ ಅಂತ ಒದ್ದಾಡ್ತೀವಿ. ಪ್ರಿಂಟಿಂಗ್ ಪ್ರೆಸ್ಸಿನವನು ಒಂದೇ ದಿನದಲ್ಲಿ ಕೊಟ್ಟುಬಿಟ್ಟನಲ್ಲಯ್ಯಾ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಇರಲು ಧೈರ್ಯ ಬರಲಿಲ್ಲ. ಈಗ ಅದು ನೋಟೀಸು ಬೋರ್ಡಿನಲ್ಲಿದೆ. ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ್ದಾರೆ. ಆ ಒಂದಕ್ಷರದ ಕೆಳಗೆ ಕೆಂಪು ಗೆರೆ ಎಳೆದವರು ಯಾರೆಂದು ಕೇಳಬೇಡ.

ನೀನು ಏನೋ ಮಾಡಿದೆ ಎಂದು ಬೈಯುವುದಕ್ಕೆ ಬರೆಯುತ್ತಿಲ್ಲ. ಮೊನ್ನೆ ಬೀರು ಒರೆಸುವಾಗ ನೀನು ಸೇರಿದ ವರ್ಷ ತೆಗೆಸಿದ ಲ್ಯಾಬಿನ ಫೋಟೋ ಸಿಕ್ಕಿತು. ಸಾರ್ ಬಿಟ್ಟರೆ ಏಳು ಜನ ವಿದ್ಯಾರ್ಥಿಗಳಿದ್ದೇವೆ. ಮುಗಿಸಿದವನು ವೇಲುಚ್ಚಾಮಿ ಒಬ್ಬ. ಇಬ್ಬರು ಬ್ಯಾಂಕಿನ ಪರೀಕ್ಷೆ ಬರೆದು ಹೋದರು. ಆ ಎತ್ತರದವನದು ದಿಂಡಿಗಲ್ಲಿನಲ್ಲಿ ಗೊಬ್ಬರದ ಅಂಗಡಿ. ಜಡೆ ಮುಂದೆ ಹಾಕಿಕೊಂಡವಳು ಮದುವೆಯಾಗಿ ಕೊಯಮತ್ತೂರಿಗೆ ಹೋದಳು, ಪ್ರತಿ ಪೊಂಗಲ್ಲಿಗೂ ‘ನನ್ನ ಸ್ಯಾಂಪಲ್ ಇನ್ನೂ ಇದೆಯಾ’ ಎಂದು ಕಾರ್ಡು ಬರೆಯುತ್ತಾಳೆ. ಇದ್ದದ್ದನ್ನು ನಾನೇ ಎಸೆದೆ. ಉಳಿದದ್ದು ನೀನು, ನಾನು.

ತಮಾಷೆ ಏನು ಗೊತ್ತಾ? ಸಾರ್ ಪ್ರತಿ ವರ್ಷ ಮೇಲಕ್ಕೆ ಕಳಿಸುವ ವರದಿಯಲ್ಲಿ ಮುಗಿಸಿದವರು, ಮುಂದುವರಿಯುತ್ತಿರುವವರು ಎಂದು ಎರಡೇ ಮನೆ. ಬಿಟ್ಟು ಹೋದವರಿಗೆ ಮನೆಯೇ ಇಲ್ಲ. ಗೊಬ್ಬರದ ಅಂಗಡಿಯವನು ಮೂರು ವರ್ಷ ನಮ್ಮಲ್ಲಿ ಮುಂದುವರಿಯುತ್ತಲೇ ಇದ್ದ.

ಆಡಿಗೆ ಬಾ. ಬಂದ ದಿನವೇ ಸಾರ್ ಕೋಣೆಗೆ ಹೋಗಿ ತಪ್ಪಾಯ್ತು ಎಂದುಬಿಡು. ಅವರು ಎಂಟು ಜನರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ, ಯಾರೋ ಶಾಸಕರ ಕಡೆಯ ಹುಡುಗ ಜಾಗಕ್ಕಾಗಿ ಕಾದಿದ್ದಾನೆ. ನಿನ್ನ ಅವಧಿ ಡಿಸೆಂಬರಿಗೆ ಮುಗಿಯುತ್ತದೆ ಎಂಬುದು ನಿನಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಅರುಳ್‌ಮೇರಿ


ಮಾಂಬಲಂ
5 ಜುಲೈ 1994

ಪ್ರೀತಿಯ ಅರುಳಕ್ಕಾ,

ಸಾರ್ ಹಾಗೆಂದರಾ? ಪಾಪ, ಅವರದು ತಮಾಷೆಯ ಸ್ವಭಾವ. ಬಂದು ಕಾಲಿಗೆ ಬಿದ್ದರೆ ಕರಗುತ್ತಾರೆ. ನೀವು ಎಲ್ಲದರಲ್ಲೂ ಕತ್ತಲನ್ನೇ ನೋಡುತ್ತೀರಿ!

ಇಲ್ಲಿ ಒಂದು ಘಟನೆ ನಡೆಯಿತು, ನಕ್ಕೂ ನಕ್ಕೂ ಸಾಕಾಯಿತು. ಅತ್ತೆ ಸುಂಡಲ್ ಉಸಲಿ ಮಾಡಲು ಹೆಸರುಕಾಳಿನ ಡಬ್ಬ ತೆರೆದರು. ನೋಡುತ್ತೇನೆ, ನಮ್ಮ ಹುಳು! ಅದೇ ಗಿಡ್ಡ ರೆಕ್ಕೆ, ಅದೇ ಚುಕ್ಕೆ. ನಾನು "ಅತ್ತೇ, ಇದು ನಮ್ಮದು!" ಎಂದು ಕೂಗಿಬಿಟ್ಟೆ.

"ಯಾವುದೇ ನಿಮ್ಮದು?"

"ಈ ಹುಳ! ನೋಡಿ, ಇದು ಹೆಣ್ಣು. ಈ ಕಾಳಿನ ಮೇಲೆ ಬಿಳೀ ಚುಕ್ಕೆ ಇದೆಯಲ್ಲ, ಅದು ಮೊಟ್ಟೆ."

ಅತ್ತೆ ಡಬ್ಬ ಕೆಳಗಿಟ್ಟರು. "ಇಪ್ಪತ್ತೆಂಟು ವರ್ಷದಿಂದ ಈ ಅಡುಗೆಮನೆ ನಡೆಸ್ತಿದೀನಿ, ಒಂದು ಹುಳ ಇರಲಿಲ್ಲ. ನಿನ್ನ ಸೀರೆ ಪೆಟ್ಟಿಗೆ ಜೊತೆ ಬಂತೇನೋ."

ಇವರಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ವರದಕ್ಷಿಣೆ ಬೇಡ ಅಂದ್ವಲ್ಲ, ಅದಕ್ಕೆ ಹುಳ ಕೊಟ್ಟು ಕಳಿಸಿದ್ದಾರೆ" ಎಂದರು. ಅತ್ತೆ ಮಾತ್ರ ನಗಲಿಲ್ಲ. ಆ ಡಬ್ಬವನ್ನು ಈಗ ನನ್ನ ಕೈಗೆ ಕೊಡುವುದಿಲ್ಲ.

ಬಾಗಿಲಿಗೆ ಹಿತ್ತಾಳೆಯ ಬೋರ್ಡು ಬಂದಿದೆ. ಮೇಲೆ ಮಾವನ ಹೆಸರು, ಆಮೇಲೆ ಇವರದು, ಕೆಳಗೆ ‘ಡಾ. ಕೋದೈ ನೀಲಮೇಘಂ’. ಬೀದಿಯ ಕೊನೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹುಮಾನ ಹಂಚಲು ನನ್ನನ್ನೇ ಕರೆದಿದ್ದಾರೆ! ‘ಸಂಶೋಧನೆಯಲ್ಲಿ ಮಹಿಳೆ’ ಎಂದು ಹತ್ತು ನಿಮಿಷ ಮಾತಾಡಬೇಕಂತೆ. ಇಂಗ್ಲಿಷಿನಲ್ಲಿ ಬರೆದುಕೊಂಡೆ, ಮಾವ ತಮಿಳಿಗೆ ತಿದ್ದಿಕೊಟ್ಟರು.

ಒಂದೇ ಒಂದು ಸಣ್ಣ ತೊಡಕು. ನಿನ್ನೆ ಆಡಿಯ ಮಾತು ಬಂದಾಗ ಅತ್ತೆ, "ಅಮ್ಮನ ಮನೇಲಿ ಹಾಯಾಗಿರು, ಆದರೆ ಕಾಲೇಜಿನ ಕಡೆ ಹೋಗಬೇಡ" ಎಂದರು.

"ಯಾಕತ್ತೆ? ಒಪ್ಪಿದ್ರಲ್ಲ?"

"ಮುಗಿಸು ಅಂದೆವು. ಹೋಗಿ ಕೂತ್ಕೋ ಅಂದೆವಾ? ಮಧುರೈನಲ್ಲಿ ನಮ್ಮವರು ಹತ್ತು ಮನೆ ಇದ್ದಾರೆ. ಡಾಕ್ಟರ್ ಸೊಸೆ ಬಗಲಿಗೆ ಚೀಲ ಹಾಕ್ಕೊಂಡು ಮತ್ತೆ ಕಾಲೇಜಿಗೆ ಹೋಗ್ತಿದ್ದಾಳೆ ಅಂದ್ರೆ ಏನಂತ ಹೇಳೋದು? ಆಮಂತ್ರಣ ಸುಳ್ಳು ಅಂತಲಾ?"

"ಮತ್ತೆ ಮುಗಿಸೋದು ಹೇಗತ್ತೆ?"

"ಮನೇಲೇ ಕೂತು ಬರಿ. ಬರೆಯೋದಷ್ಟೇ ಬಾಕಿ ಅಂದೆಯಲ್ಲ."

ಇವರು "ನಾನು ಅಪ್ಪನ ಹತ್ರ ಮಾತಾಡ್ತೀನಿ, ಸ್ವಲ್ಪ ತಾಳು" ಎಂದಿದ್ದಾರೆ. ಮಾತಾಡೇ ಆಡುತ್ತಾರೆ. ಇಲ್ಲದಿದ್ದರೂ ಏನು, ಅಮ್ಮನ ಮನೆಯಿಂದ ಕಾಲೇಜಿಗೆ ಒಂದು ಬಸ್ಸು. ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದರಾಯಿತು. ಹದಿನೇಳಕ್ಕೆ ಹೊರಡುತ್ತೇನೆ. ನಿಮಗೊಂದು ಸೀರೆ ತರುತ್ತಿದ್ದೇನೆ, ಬಣ್ಣ ಹೇಳುವುದಿಲ್ಲ!

ಬಂದೇಬಿಟ್ಟ
ಕೋದೈ


ಮಧುರೈ
19 ಆಗಸ್ಟ್ 1994

ಕೋದೈ,

ಆಡಿ ಮುಗಿಯಿತು.

ನಿನ್ನಮ್ಮ ಮೊನ್ನೆ ಹೂವಿನ ಮಾರುಕಟ್ಟೆಯಲ್ಲಿ ಸಿಕ್ಕಿದ್ದರು. ಕೋದೈ ಬಂದು ಹನ್ನೆರಡು ದಿನ ಇದ್ದು ಹೋದಳು, ನಿಮಗೆ ಗೊತ್ತಿಲ್ಲವೇ ಎಂದರು. ಗೊತ್ತು ಎಂದೆ.

ಮೂರನೇ ತಲೆಮಾರಿನ ಹುಳು ಹೊರಬಂದವು. ಅವು ಯಾರಿಗೂ ಕಾಯುವುದಿಲ್ಲವಲ್ಲ. ಮೂರು ದಿನ ಕೂತು ನಾನೇ ಎಣಿಸಿದೆ.

ಅರುಳ್‌ಮೇರಿ


ಮಾಂಬಲಂ
27 ಆಗಸ್ಟ್ 1994

ಅಕ್ಕಾ,

ಬಂದಿದ್ದೆ. ನಂಬುತ್ತೀರೋ ಇಲ್ಲವೋ. ಆಡಿಯ ಮೊದಲ ಶುಕ್ರವಾರ ಅಮ್ಮನಿಗೆ ದೇವಸ್ಥಾನ ಎಂದು ಹೇಳಿ ಕಾಲೇಜಿಗೆ ಬಂದೆ. ನಿಮ್ಮ ಸೀರೆ ಚೀಲದಲ್ಲಿತ್ತು. ಮೆಟ್ಟಿಲು ಹತ್ತಿ ವರಾಂಡಕ್ಕೆ ಬಂದಾಗ ನೋಟೀಸು ಬೋರ್ಡಿನಲ್ಲಿ ಆ ಆಮಂತ್ರಣ ಕಂಡಿತು. ಅದರ ಮುಂದೆ ಮೊದಲ ವರ್ಷದ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳು ಇನ್ನೊಬ್ಬಳಿಗೆ "ಇವಳೇ ಕಣೇ ಪ್ರೆಸ್ ಡಾಕ್ಟರ್" ಎಂದಳು. ಹೊಸ ತಾಳಿ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದವಳೇ ಆ ಕೋದೈ ಎಂದು ಅವರಿಗೆ ಗೊತ್ತಾಗಲಿಲ್ಲ. ನೀವು ಒಳಗೆ ಯಾರಿಗೋ ಗದರುತ್ತಿದ್ದ ದನಿ ಕೇಳಿಸುತ್ತಿತ್ತು. ನಾಲ್ಕು ಹೆಜ್ಜೆ ಅಷ್ಟೇ. ನಾನು ಇಳಿದು ಹೋದೆ.

ನಾಳೆ ಬರೋಣ, ನಾಡಿದ್ದು ಬರೋಣ ಎಂದುಕೊಂಡೆ. ಅಷ್ಟರಲ್ಲಿ ಅತ್ತೆಯ ತಮ್ಮ ಬಂದು, ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಕರೆದುಕೊಂಡು ಹೊರಟರು. ಇಲ್ಲಿ ಬಂದು ನೋಡಿದರೆ ಅತ್ತೆ ಒಲೆಯ ಮುಂದೆ ಮುರುಕು ಕರಿಯುತ್ತಿದ್ದರು.

ಇವರು ಮಾತಾಡಿದ್ದಾರೆ. ಅಪ್ಪನ ಹತ್ತಿರ ಅಲ್ಲ, ನನ್ನ ಹತ್ತಿರ. ಬೀಚಿಗೆ ಕರೆದುಕೊಂಡು ಹೋಗಿ, ಕಡಲೆ ಕೊಡಿಸಿ, ತುಂಬ ಮೆತ್ತಗೆ ಕೇಳಿದರು. "ನೋಡು, ಬೋರ್ಡಲ್ಲಿ ಡಾಕ್ಟರ್ ಅಂತಿದೆ. ಬೀದಿಯವರು ಡಾಕ್ಟರ್ ಅಂತಾರೆ. ನನ್ನ ಆಫೀಸಲ್ಲೂ ಹಾಗೇ ಅಂತಾರೆ. ಇನ್ನೇನು ಬೇಕು ನಿನಗೆ?"

"ಅದು ಆಗಬೇಕಲ್ಲ" ಎಂದೆ.

"ಆಗಿದ್ರೂ ಇದೇ ಬೋರ್ಡು ತಾನೆ?"

 ಕಾನ್ವೆಂಟಿನಲ್ಲಿ ಪ್ರತಿ ವರ್ಷ ಚರ್ಚಾಸ್ಪರ್ಧೆಯ ಬಹುಮಾನ ತಂದವಳು ನಾನು ಅಕ್ಕಾ. ಕಡಲೆ ತಿಂದೆ.

ಅವರು ಕೆಟ್ಟವರಲ್ಲ. ಮಲ್ಲಿಗೆ ಈಗಲೂ ತರುತ್ತಾರೆ. ಎಣಿಸಿದ್ದರಲ್ಲಿ ಏನು ಬಂತು, ಬರೆಯುತ್ತೀರಾ?

ಕೋದೈ


ಮಧುರೈ
24 ಸೆಪ್ಟೆಂಬರ್ 1994

ಕೋದೈ,

ತಡವಾಗಿ ಬರೆಯುತ್ತಿದ್ದೇನೆ. ಹೇಗೆ ಬರೆಯಬೇಕೆಂದು ಗೊತ್ತಾಗದೆ ತಡವಾಯಿತು.

ನಿನ್ನ ಎಣ್ಣೆ ಕೆಲಸ ಮಾಡಿದೆ. ಮೂರನೇ ತಲೆಮಾರಿನಲ್ಲಿ ಎಣ್ಣೆ ಸವರಿದ ಜಾಡಿಗಳಲ್ಲಿ ಹುಳು ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ. ಸವರದ ಜಾಡಿಗಳಲ್ಲಿ ಕಾಳೇ ಉಳಿದಿಲ್ಲ, ಬರೀ ಹಿಟ್ಟು. ಇಷ್ಟು ಸ್ಪಷ್ಟವಾದ ಉತ್ತರ ನನಗೆ ಎಂಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಲ್ಲ. ನಿಂತುಕೊಂಡೇ ಅತ್ತುಬಿಟ್ಟೆ. ನಿನಗಾಗಿ ಅತ್ತದ್ದು ಎಂದು ಬರೆದರೆ ಸುಳ್ಳಾಗುತ್ತದೆ.

ಸಾರ್‌ಗೆ ತೋರಿಸಿದೆ. ಓದಿ, ಬಾಗಿಲು ಮುಚ್ಚಲು ಹೇಳಿದರು.

"ಅರುಳ್, ಇದು ಎಷ್ಟನೇ ವರ್ಷ ನಿನಗೆ?"

"ಎಂಟು ಸಾರ್."

"ಎರಡು ಸಲ ಅವಧಿ ಜಾಸ್ತಿ ಮಾಡಿಸಿದ್ದೀನಿ. ಮೂರನೇ ಸಲ ಕೊಡಲ್ಲ ಅವರು. ಈ ಹೆಸರುಕಾಳಿನ ಕೆಲಸವನ್ನ ನಿನ್ನ ಅಕ್ಕಿಹುಳದ ಜೊತೆ ಸೇರಿಸಿಬಿಡು. ದೀಪಾವಳಿಗೆ ಮುಂಚೆ ಸೆಮಿನಾರ್ ಕೊಡು. ವರ್ಷದ ಕೊನೆಗೆ ಕೈ ತೊಳ್ಕೊಳೋಣ."

"ಅದು ಕೋದೈದು ಸಾರ್."

"ಯಾವ ಕೋದೈ? ಡಾಕ್ಟರ್ ಕೋದೈನಾ? ಅವರಿಗೆ ಆಗಲೇ ಬಂದಿದೆಯಲ್ಲಮ್ಮಾ, ಇನ್ನೊಂದು ಯಾಕೆ?"

 ಅವರೇ ಮುಂದುವರಿಸಿದರು. "ಅವಳು ಬರಲ್ಲ. ಬರೋಳಾಗಿದ್ರೆ ಆಡೀಲೇ ಬರ್ತಿದ್ಲು. ಎಷ್ಟು ಜನ ಹೆಣ್ಣುಮಕ್ಕಳನ್ನ ನೋಡಿಲ್ಲ ನಾನು. ಕೆಲಸ ಹಾಳಾಗಬಾರದು ಅಷ್ಟೇ. ಯಾರ ಹೆಸರಲ್ಲಿದ್ರೇನು?"

ಈ ಮಾತು ನಾನು ಇದಕ್ಕೆ ಮೊದಲೂ ಕೇಳಿದ್ದೇನೆ. ನಿನಗೆ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ, ನನ್ನ ಎರಡು ವರ್ಷದ ಅಕ್ಕಿಹುಳದ ಲೆಕ್ಕವನ್ನು ‘ಸದ್ಯಕ್ಕೆ’ ವೇಲುಚ್ಚಾಮಿಗೆ ಕೊಡು ಎಂದರು. ಅವನ ತಂದೆಗೆ ಕಾಯಿಲೆ, ಬೇಗ ಕೆಲಸಕ್ಕೆ ಸೇರಬೇಕು, ನೀನು ಮತ್ತೆ ಮಾಡಿಕೊಳ್ಳಬಹುದು ಎಂದರು. ಕೊಟ್ಟೆ. ನಮ್ಮ ಲ್ಯಾಬಿನಲ್ಲಿ ಮುಗಿಸಿದವನು ಒಬ್ಬನೇ ಎಂದು ಬರೆದಿದ್ದೆನಲ್ಲ, ಅವನ ಥೀಸಿಸ್ಸಿನ ಮೂರನೇ ಅಧ್ಯಾಯ ನನ್ನದು. ಮತ್ತೆ ಮಾಡಿಕೊಳ್ಳುವುದಕ್ಕೆ ಆಗಲಿಲ್ಲ. ಹಾಗಾಗಿ ಒಬ್ಬರು ಮುಗಿಸಲು ಇಲ್ಲಿ ಇನ್ನೊಬ್ಬರು ಬೇಕು. ಈಗ ನನ್ನ ಸರದಿ ಬಂದಿದೆ. ಈ ಸಲ ತೆಗೆದುಕೊಳ್ಳುವ ಕಡೆ.

ನನಗೆ ಮೂವತ್ತೆರಡು. ವಿರುದುನಗರದಲ್ಲಿ ಅಪ್ಪ ಭಾನುವಾರ ಚರ್ಚಿನಿಂದ ಹೊರಗೆ ಬರುವಾಗ ಮಗಳು ಏನು ಮಾಡುತ್ತಿದ್ದಾಳೆ ಎಂದು ಕೇಳುವವರಿಂದ ತಪ್ಪಿಸಿಕೊಳ್ಳಲು ಹಿಂಬಾಗಿಲಿನಿಂದ ಹೋಗುತ್ತಾರೆ. ಡಿಗ್ರಿ ಕೈಗೆ ಬಂದರೆ ಅಲ್ಲಿನ ಕಾಲೇಜಿನಲ್ಲಿ ನನಗೆ ಜಾಗವಿದೆ. ಬರದಿದ್ದರೆ ಏನೂ ಇಲ್ಲ.

ಸಾರ್‌ಗೆ ಇನ್ನೂ ಹೂಂ ಎಂದಿಲ್ಲ. ಊಹೂಂ ಎಂದೂ ಹೇಳಿಲ್ಲ. ನಿನಗೆ ತಿಳಿಸದೆ ಮಾಡಬಾರದು ಎನ್ನಿಸಿತು. ಅಷ್ಟು ಒಳ್ಳೆಯತನ ಮಾತ್ರ ಉಳಿದಿದೆ.

ಅರುಳ್


ಮಾಂಬಲಂ
1 ಅಕ್ಟೋಬರ್ 1994

ಮಿಸ್ ಅರುಳ್‌ಮೇರಿ ಅವರಿಗೆ,

ನಿಮ್ಮ ಪತ್ರ ತಲುಪಿತು.

ಜಾಡಿ ನೋಡಿಕೊಳ್ಳಿ ಎಂದು ಕೊಟ್ಟೆ, ನೀವು ಜಾಡಿಯನ್ನೇ ಇಟ್ಟುಕೊಂಡಿರಿ. ನನ್ನ ಮನೆಯವರು ಇಲ್ಲದ ಡಿಗ್ರಿಯನ್ನು ನನ್ನ ಹೆಸರಿಗೆ ಹಾಕಿದರು, ನೀವು ಇರುವ ಕೆಲಸವನ್ನು ನನ್ನ ಹೆಸರಿನಿಂದ ತೆಗೆಯುತ್ತಿದ್ದೀರಿ. ಇವರಿಗಿಂತ ನೀವು ಮೇಲು ಎಂದುಕೊಂಡಿದ್ದೆ. ಇವರು ಕಡೇಪಕ್ಷ ಮೂರು ಹೊತ್ತು ಊಟ ಹಾಕುತ್ತಾರೆ. ವೇಲುಚ್ಚಾಮಿ ಕದ್ದ, ಆದ್ದರಿಂದ ನೀವೂ ಕದಿಯಬೇಕು, ಅಲ್ಲವೇ? ನನಗೆ ಮೊದಲೇ ತಿಳಿಸಿ ಕದಿಯುವುದಕ್ಕೆ ಥ್ಯಾಂಕ್ಸ್ ಹೇಳಬೇಕೇನೋ.

ತೆಗೆದುಕೊಳ್ಳಿ. ಚೆನ್ನಾಗಿ ಓದಿ ಸೆಮಿನಾರ್ ಕೊಡಿ. ನಿಮಗೆಂದು ತಂದ ಸೀರೆಯನ್ನು ಕೆಲಸದವಳಿಗೆ ಕೊಟ್ಟಿದ್ದೇನೆ, ಅವಳಿಗೆ ಚೆನ್ನಾಗಿ ಒಪ್ಪುತ್ತದೆ.

ಕೋದೈ ನೀಲಮೇಘಂ


ಮಧುರೈ
8 ಅಕ್ಟೋಬರ್ 1994

ಕೋದೈ,

ಬೈದದ್ದು ಸರಿ. ಆದರೆ ‘ತೆಗೆದುಕೊಳ್ಳಿ’ ಎಂದು ಬರೆದೆಯಲ್ಲ, ಅದು ಸರಿಯಲ್ಲ. ನಾನೂ ವೇಲುಚ್ಚಾಮಿಗೆ ಹೀಗೇ, ರೋಷದಿಂದ ಮುಖ ತಿರುಗಿಸಿ ಕೊಟ್ಟೆ. ಕೊಟ್ಟ ಮೇಲೆ ದೊಡ್ಡವಳಾದ ಹಾಗೆ ಒಂದು ವಾರ ಅನ್ನಿಸಿತು. ಆಮೇಲೆ ನಾಲ್ಕು ವರ್ಷ ಏನೂ ಅನ್ನಿಸಲಿಲ್ಲ.

ಸೆಮಿನಾರ್ 28ಕ್ಕೆ, ಶುಕ್ರವಾರ, ಹನ್ನೊಂದು ಗಂಟೆಗೆ. ವಿಷಯ ಮಾತ್ರ ಬೋರ್ಡಿನಲ್ಲಿ ಹಾಕಿದ್ದಾರೆ, ಕೊಡುವವರ ಹೆಸರು ಹಾಕಿಲ್ಲ. ಸಾರ್‌ಗೆ ನನ್ನ ಮೇಲೂ ಪೂರ್ತಿ ನಂಬಿಕೆ ಇಲ್ಲ ಅಂತ ಕಾಣುತ್ತದೆ. ನೀನು ಬಂದು ನಿಂತರೆ ಬೇಡ ಎನ್ನಲು ಅವರು ಇಡೀ ವಿಭಾಗದ ಎದುರು ಬಾಯಿ ಬಿಡಬೇಕು. ಅವರು ಬಾಗಿಲು ಮುಚ್ಚಿದ ಕೋಣೆಯ ಮನುಷ್ಯ, ಎಲ್ಲರ ಎದುರು ಏನನ್ನೂ ಹೇಳುವುದಿಲ್ಲ.

ಹನ್ನೊಂದಕ್ಕೆ ನೀನು ಆ ಕೋಣೆಯಲ್ಲಿದ್ದರೆ ನಾನು ಕುರ್ಚಿಯಿಂದ ಏಳುವುದಿಲ್ಲ. ನೀನಿಲ್ಲದಿದ್ದರೆ ಏಳುತ್ತೇನೆ, ಪೂರ್ತಿ ಕೊಡುತ್ತೇನೆ, ಆಮೇಲೆ ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ.

ಬರಬೇಡ ಎಂದು ಒಂದು ಮನಸ್ಸು ದಿನಾ ಪ್ರಾರ್ಥನೆ ಮಾಡುತ್ತಿದೆ. ಮುಚ್ಚಿಡುವುದು ಯಾಕೆ.

ಅರುಳ್


ಮಾಂಬಲಂ
23 ಅಕ್ಟೋಬರ್ 1994

ಅಕ್ಕಾ,

ಈ ಪತ್ರ ಉದ್ದವಿದೆ, ಕೂತು ಓದಿ.

ನವರಾತ್ರಿಯ ಗೊಂಬೆ ನೋಡಲು ಸರಸ್ವತಿ ಪೂಜೆಯ ದಿನ ಮನೆ ತುಂಬ ಹೆಂಗಸರು. ಒಂಬತ್ತು ಮೆಟ್ಟಿಲು ಗೊಂಬೆ, ಕೆಳಗಿನ ಮೆಟ್ಟಿಲಿನಲ್ಲಿ ಪುಸ್ತಕಗಳ ಜೊತೆ ಅತ್ತೆ ನನ್ನ ಎಂ.ಎಸ್ಸಿ. ಪದಕವನ್ನೂ ಇಟ್ಟು ಕುಂಕುಮ ಹಚ್ಚಿದ್ದರು. ನಾನು ಸುಂಡಲ್ ಹಂಚುತ್ತಿದ್ದೆ. ಪಕ್ಕದ ಬೀದಿಯಿಂದ ವಯಸ್ಸಾದ ಒಬ್ಬರು ಬಂದಿದ್ದರು, ಯಾವುದೋ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರಂತೆ. ಅತ್ತೆ ಎಂದಿನಂತೆ, "ನಮ್ಮ ಸೊಸೆ, ಡಾಕ್ಟರ್ ಕೋದೈ" ಎಂದರು. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಸುಂಡಲ್ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

"ಓ! ಯಾವ ವರ್ಷದ ಕಾನ್ವೊಕೇಷನ್ ಕಣಮ್ಮಾ? ನಿನ್ನ ವೈವಾಗೆ ಹೊರಗಿನಿಂದ ಯಾರು ಬಂದಿದ್ರು? ನನ್ನದಕ್ಕೆ ಬನಾರಸ್ಸಿಂದ ಒಬ್ಬರು ಬಂದಿದ್ರು, ಮೂರು ಗಂಟೆ ಅರೆದುಬಿಟ್ರು. ಹೊರಗೆ ಬಂದು ವಾಂತಿ ಮಾಡ್ಕೊಂಡೆ!"

ಎಲ್ಲರೂ ನಕ್ಕರು. ಅತ್ತೆ ನನಗಿಂತ ಮೊದಲು, "ಹೋದ ವರ್ಷ, ದೊಡ್ಡ ದೊಡ್ಡವರೆಲ್ಲ ಬಂದಿದ್ರು" ಎಂದರು.

ಆ ಹಿರಿಯಾಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಅನುಮಾನವಿರಲಿಲ್ಲ ಅಕ್ಕಾ, ಇದ್ದಿದ್ದರೆ ನಾನೂ ಸುಳ್ಳು ಹೇಳಿ ಗೆಲ್ಲುತ್ತಿದ್ದೆ. ತಾನು ಪಟ್ಟ ಪಾಡನ್ನೇ ಇವಳೂ ಪಟ್ಟಿದ್ದಾಳೆ ಎಂಬ ಸಂಭ್ರಮವಿತ್ತು. ಆ ಕೈಯನ್ನು ಹಿಡಿದುಕೊಳ್ಳಲು ನಾನು ಏನೂ ಪಟ್ಟಿಲ್ಲ. ಬಾಯಿಂದ ಬಂದುಬಿಟ್ಟಿತು. "ಇಲ್ಲಮ್ಮಾ, ನಂದು ಇನ್ನೂ ಆಗಿಲ್ಲ. ಈ ತಿಂಗಳು ಇಪ್ಪತ್ತೆಂಟಕ್ಕೆ ಸೆಮಿನಾರ್ ಇದೆ."

ಹಾಡುತ್ತಿದ್ದ ಹುಡುಗಿ ಕೂಡ ನಿಲ್ಲಿಸಿದಳು. ಒಬ್ಬರು ಕುಂಕುಮದ ಬಟ್ಟಲು ಹುಡುಕತೊಡಗಿದರು. ಹಿರಿಯಾಕೆ ಮಾತ್ರ, "ಅಯ್ಯೋ, ಹಾಗಾದ್ರೆ ಇಲ್ಲೇನು ಮಾಡ್ತಿದೀಯಾ? ಹೋಗಿ ಓದ್ಕೋ ಹೋಗು!" ಎಂದರು, ಜೋರಾಗಿ, ವಿದ್ಯಾರ್ಥಿಗೆ ಗದರುವ ಹಾಗೆ.

ಹೆಂಗಸರು ಹೋದ ಮೇಲೆ ಅತ್ತೆ ಗೊಂಬೆಗಳ ಮುಂದೆಯೇ ಕೂತು ಹೇಳಿದರು, "ಇಷ್ಟು ದಿನ ಕಷ್ಟಪಟ್ಟು ಸಂಪಾದಿಸಿದ ಮರ್ಯಾದೆ ಒಂದು ಬಟ್ಟಲು ಸುಂಡಲ್‌ಗೆ ಮಾರಿಬಿಟ್ಟೆ."

"ನನ್ನ ಹೆಸರಲ್ಲಿ ಸಂಪಾದಿಸಿದ್ದಲ್ವಾ ಅತ್ತೆ" ಎಂದೆ. ಈ ಮನೆಯಲ್ಲಿ ನಾನು ಆಡಿದ ಮೊದಲ ಎದುರು ಮಾತು. ಎರಡನೆಯದು ಬೇಕಾಗಲಿಲ್ಲ, ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮಾವ ಸ್ಟೂಲು ಹತ್ತಿ ಹಿತ್ತಾಳೆಯ ಬೋರ್ಡನ್ನು ತಾವೇ ಬಿಚ್ಚಿದರು. ನನ್ನ ಹೆಸರಿಗಾಗಿ ಎಲ್ಲರ ಹೆಸರೂ ಹೋಯಿತು.

ಇವರು? ಎರಡು ದಿನ ಮಲ್ಲಿಗೆ ಬರಲಿಲ್ಲ. ಮೂರನೇ ದಿನ ಕೇಳಿದರು, "ಮೊದಲ ದೀಪಾವಳಿಗೆ ಹೇಗೂ ನಿಮ್ಮ ಮನೆಗೆ ಹೋಗ್ತಿದೀವಲ್ಲ. ಎಣ್ಣೆಸ್ನಾನ, ಹೊಸ ಬಟ್ಟೆ ಎಲ್ಲ ಮುಗಿಸಿಕೊಂಡು ನಾನೇ ನಿನ್ನ ಆ ಕಾಲೇಜಿಗೆ ಕರ್ಕೊಂಡು ಹೋಗ್ತೀನಿ. ಆಗಲ್ವಾ?"

"ಆಗ ಅಲ್ಲಿ ಏನೂ ಇರಲ್ಲ" ಎಂದೆ.

"ಮದುವೆಯಾದ ಮೊದಲ ದೀಪಾವಳಿಗೆ ಹೆಂಡತಿ ಒಬ್ಬಳೇ ಮುಂಚೆ ಹೋಗಿ, ಅಳಿಯ ಹಿಂದೆ ಒಬ್ಬನೇ ಬಂದರೆ ನಿಮ್ಮ ಬೀದೀಲಿ ನನ್ನ ಏನಂತಾರೆ?"

"ನಿಮ್ಮ ಬೀದೀಲಿ ನನ್ನ ಏನಂದ್ರು?"

 ಇವರು ದೀಪಾವಳಿಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಅಮ್ಮ ಅಳಿಯನಿಗೆ ಉಂಗುರ ಮಾಡಿಸಿ ಇಟ್ಟಿದ್ದಾಳೆ. ಅವಳಿಗೆ ಇನ್ನೂ ಏನೂ ಬರೆದಿಲ್ಲ. ಜೂನಿನಲ್ಲಿ ಅವರ ಹೆಸರನ್ನು ಮೂರು ಸಲ ಬರೆದಿದ್ದೆ. ಈಗ ಒಂದು ಸಲ ಬರೆಯಲೂ ಕೈ ತಡೆಯುತ್ತದೆ. ಪ್ರೀತಿ ಹೋಗಿದೆ ಎಂದಲ್ಲ. ಇದ್ದೂ ಇಷ್ಟೇನಾ ಎನ್ನಿಸುತ್ತದೆ.

ಈಗ ನಿಮ್ಮ ಮಾತು. ಮೂರನೇ ತಲೆಮಾರನ್ನು ಎಣಿಸಿದವರು ನೀವು. ಅದನ್ನು ಸೆಮಿನಾರಿನ ಮೊದಲ ವಾಕ್ಯದಲ್ಲೇ, ಸಾರ್ ಮುಖ ನೋಡಿ ಹೇಳುತ್ತೇನೆ. ವೇಲುಚ್ಚಾಮಿಯ ಮೂರನೇ ಅಧ್ಯಾಯದ ಮಾತನ್ನೂ ಹೇಳಲೇ ಎಂದು ಯೋಚಿಸಿದೆ. ಅದು ನಿಮ್ಮದು, ನೀವೇ ಹೇಳಬೇಕು. ನೀವು ಹೇಳುವುದಿಲ್ಲ ಎಂದೂ ಗೊತ್ತು.

ನಾನು ಬಂದರೆ ನಿಮ್ಮದು ಮುಗಿಯುವುದಿಲ್ಲ. ಇದನ್ನು ನಾನು ಬರೆಯದೇ ಬಿಡಬಹುದಿತ್ತು, ನೀವೂ ಬರೆಯದೇ ಬಿಟ್ಟಿರಿ. ಡಿಸೆಂಬರಿಗೆ ನಿಮ್ಮ ಎಂಟು ವರ್ಷ ಹೋಗುತ್ತದೆ, ವಿರುದುನಗರದ ಕೆಲಸ ಹೋಗುತ್ತದೆ, ನಿಮ್ಮ ಅಪ್ಪ ಹಿಂಬಾಗಿಲಿನಿಂದಲೇ ಹೋಗುತ್ತಾರೆ. ಸಾರ್ ವರದಿಯಲ್ಲಿ ನೀವು ಇನ್ನೂ ಮೂರು ವರ್ಷ ಮುಂದುವರಿಯುತ್ತೀರಿ. ನಾನು ಗೆದ್ದೆ ಎಂದುಕೊಂಡು ಬರುತ್ತಿಲ್ಲ. ಯಾರೋ ಒಬ್ಬರನ್ನು ತುಳಿಯದೆ ಆ ಕೋಣೆಯ ಬಾಗಿಲು ದಾಟಲು ಸಾಧ್ಯವಿಲ್ಲದ ಹಾಗೆ ಅವರು ಕಟ್ಟಿಟ್ಟಿದ್ದಾರೆ, ಆ ಒಬ್ಬರು ನೀವಾಗಿರುತ್ತೀರಿ ಎಂದು ಗೊತ್ತಿದ್ದೂ ಬರುತ್ತಿದ್ದೇನೆ. ನೀವಾಗಿದ್ದರೂ ಹೀಗೇ ಮಾಡುತ್ತಿದ್ದಿರಿ. ಮಾಡಲು ಹೊರಟಿದ್ದಿರಿ.

ಸ್ಟೇಷನ್ನಿಗೆ ಬರಬೇಡಿ. ಬಂದರೆ ನಿಮ್ಮ ಮುಖ ನೋಡಿ ನಾನು ಎಲ್ಲಿ ಹಿಂದಿರುಗುತ್ತೇನೋ. ಹನ್ನೊಂದಕ್ಕೆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿರಿ, ಅಷ್ಟು ಸಾಕು.

ಗುರುವಾರ ಸಂಜೆ ಎಗ್ಮೋರಿನಿಂದ ಪಾಂಡಿಯನ್ ಎಕ್ಸ್‌ಪ್ರೆಸ್ ಹತ್ತುತ್ತೇನೆ, ಶುಕ್ರವಾರ 28ರ ಬೆಳಿಗ್ಗೆ ಮಧುರೈನಲ್ಲಿ ಇಳಿಯುತ್ತೇನೆ, ಒಬ್ಬಳೇ.

ಕೋದೈ